ಹೆಬ್ಬೆರಳಿಗೆ ಅಂಟಿದ ಬಾಣ

ನಮ್ಮ ಅತ್ತೆಯ ಹೆಬ್ಬೆರಳಿಗೆ ವಿಮಾನದ ಬಾಣ ಅಂಟಿಕೊಂಡದ್ದು ಆಯುಧಪೂಜೆಯ ದಿನ ಮಧ್ಯಾಹ್ನ ಎರಡು ಗಂಟೆ ಐದು ನಿಮಿಷಕ್ಕೆ. ಹೊತ್ತು ಸರಿಯಾಗಿ ನೆನಪಿದೆ, ಯಾಕೆಂದರೆ ಬೆಳಗ್ಗಿನಿಂದ ನಾನು ಗಡಿಯಾರ ಬಿಟ್ಟು ಬೇರೇನೂ ನೋಡಿರಲಿಲ್ಲ. ಭಟ್ಕಳದಿಂದ ರೈಲು ಹೊರಡುವುದು ಎರಡೂ ಇಪ್ಪತ್ತೈದಕ್ಕೆ. ಹೊನ್ನಾವರ ದಾಟಿ ನಮ್ಮ ಕುಮಟಾಕ್ಕೆ ಬರುವುದು ಮೂರೂ ಕಾಲಿಗೆ. ನಿಲ್ಲುವುದು ಎರಡೇ ನಿಮಿಷ. ಆ ಎರಡು ನಿಮಿಷಕ್ಕಾಗಿ ನಮ್ಮನೆಯವರು ನಾಲ್ಕು ತಿಂಗಳು ಕೂತು ಗೇಣುದ್ದದ ಒಂದು ವಿಮಾನ ಮಾಡಿದ್ದರು.

"ಸಂಗೀತಾ, ಇದೆಂತದೇ ನನ್ನ ಬೆರಳಿಗೆ? ಕೆಂಪು ಹುಳ ಕೂತಾಂಗೆ ಕಾಣ್ತದೆ," ಎಂದು ಅತ್ತೆ ಹೆಬ್ಬೆರಳು ಎತ್ತಿ ತೋರಿಸಿದರು.

ಅವರ ಒಂದು ಕೈಯಲ್ಲಿ ಅರಿಶಿನ ಕಲಸಿದ ಬಟ್ಟಲು, ಇನ್ನೊಂದು ಕೈಯ ಆ ಹೆಬ್ಬೆರಳು ಮೇಲಕ್ಕೆ. ಅದರ ಮೇಲೆ ಅಕ್ಕಿಕಾಳಿನಷ್ಟು ಉದ್ದದ, ಹಳದಿ ಅಂಚಿನ ಕೆಂಪು ಬಾಣ.

"ಅಯ್ಯೋ ದೇವರೇ! ಅತ್ತೇ, ಅಲ್ಲಾಡ್ಬೇಡಿ! ಬೆರಳು ಎಲ್ಲೂ ತಾಗಿಸ್ಬೇಡಿ! ಸೆರಗಿಗೆ ಒರೆಸಿದ್ರೆ ನೋಡಿ!"

"ಎಂತಾ ಆತು ನಿಂಗೆ? ಸ್ಕೂಟರಿಗೆ ಅರಿಶಿನ ಕುಂಕುಮ ಹಚ್ದೆ, ನಿನ್ನ ಹೊಲಿಗೆ ಮಷೀನಿಗೆ ಹಚ್ದೆ, ಈಳಿಗೆಮಣೆಗೆ ಹಚ್ದೆ. ಇದ್ಕೆ ಮಾತ್ರ ಬ್ಯಾಡ್ವಾ? ಹಾರೂ ಗಾಡಿ ಮಾರಾಯ್ತಿ, ಇದ್ಕೇ ಮೊದ್ಲು ಹಚ್ಬೇಕು."

ತಪ್ಪು ನನ್ನದೇ. ಒಣಗಲಿ ಎಂದು ವಿಮಾನವನ್ನು ಕಿಟಕಿಯ ಪಕ್ಕದ ಹೊಲಿಗೆ ಮಷೀನಿನ ಮೇಲೆ ಇಟ್ಟವಳು ನಾನು. ಎಂಬತ್ತೆರಡು ವರ್ಷದ ಬೊಮ್ಮಿ ಎಂಬ ನನ್ನ ಅತ್ತೆ, ಆಯುಧಪೂಜೆಯ ದಿನ ಮನೆಯಲ್ಲಿ ಒಂದು ಕತ್ತರಿಯನ್ನೂ ಬಿಡದ ಹೆಂಗಸು, ಮಷೀನಿನ ಮೇಲಿದ್ದ ವಿಮಾನವನ್ನು ಬಿಟ್ಟಾರೆಯೇ? ಮೂಗಿಗೊಂದು, ಎರಡು ರೆಕ್ಕೆಗೊಂದೊಂದು, ಕೊನೆಗೆ ಎಡಗಡೆ, ಪೈಲಟ್ ಕೂರುವಲ್ಲಿನ ಗಾಜಿನ ಕೆಳಗೊಂದು ಅರಿಶಿನ ಕುಂಕುಮ ಒತ್ತಿದ್ದಾರೆ. ಆ ಕೊನೆಯದರ ಅಡಿಯಲ್ಲೇ ಬಾಣವಿತ್ತು. ಅಂಟಿಸಿ ಇನ್ನೂ ಕಾಲು ಗಂಟೆಯಾಗಿರಲಿಲ್ಲ.

ಈ ಬಾಣ ಸ್ಟಿಕ್ಕರ್ ಅಲ್ಲ. ಸ್ಟಿಕ್ಕರ್ ಆಗಿದ್ದರೆ ನಾನೂ ಇಷ್ಟು ಹೊಡೆದುಕೊಳ್ಳುತ್ತಿರಲಿಲ್ಲ. ಇದಕ್ಕೆ ಡೆಕಾಲ್ ಎನ್ನುತ್ತಾರೆ. ಕಾಗದದ ಮೇಲೆ ಅಚ್ಚು ಹಾಕಿರುತ್ತದೆ. ಚಿಕ್ಕದಾಗಿ ಕತ್ತರಿಸಿ ನೀರಿನಲ್ಲಿ ಅದ್ದಿ ಅರ್ಧ ನಿಮಿಷ ಬಿಟ್ಟರೆ ಕಾಗದದಿಂದ ಬಣ್ಣದ ಪೊರೆ ಮಾತ್ರ ಜಾರಿ ಬರುತ್ತದೆ. ಈರುಳ್ಳಿಯ ಒಳಪೊರೆಗಿಂತ ತೆಳು. ಅದನ್ನು ಬ್ರಶ್ಶಿನಲ್ಲಿ ಮೆಲ್ಲಗೆ ವಿಮಾನದ ಮೈಮೇಲೆ ಜಾರಿಸಿ, ಬೇಕಾದಲ್ಲಿಗೆ ದೂಡಿ, ಅಡಿಯ ನೀರನ್ನು ಬಟ್ಟೆಯ ತುದಿಯಿಂದ ಹೀರಿಸಬೇಕು. ಆಮೇಲೆ ಒಂದು ಹನಿ ವಿನೆಗರ್ ನೀರು ಮುಟ್ಟಿಸಿದರೆ ಮೈಗೆ ಮೈಯಾಗಿ ಕೂತುಬಿಡುತ್ತದೆ. ಅಲ್ಲಿಯವರೆಗೆ ಉಸಿರು ತಾಗಿದರೂ ಸರಿಯುತ್ತದೆ. ಈ ವಿಮಾನದ ಮೇಲೆ ಅಂಥವು ಅರವತ್ತಮೂರಿದ್ದವು. ನಮ್ಮನೆಯವರ ಕೈ ಹೋದ ವರ್ಷದಿಂದ ನಡುಗುತ್ತದೆ. ಹಾಗಾಗಿ ಅದರಲ್ಲಿ ನಲವತ್ತನ್ನು, ರವಿಕೆಗೆ ಮಣಿ ಕೂರಿಸುವ ನನ್ನ ಇಕ್ಕಳದಲ್ಲಿ, ನಾನೇ ಕೂರಿಸಿದ್ದೆ. ಎಡಗಡೆಯ ಬಾಣವನ್ನು ಮಾತ್ರ ಅವರು ಮುಟ್ಟಲು ಬಿಟ್ಟಿರಲಿಲ್ಲ. ದಿನಾ ನಾಳೆ ಎನ್ನುತ್ತಿದ್ದರು. ತಾವೇ ಅಂಟಿಸಿದ್ದು ಇವತ್ತು, ಊಟವಾದ ಮೇಲೆ. ಹಾಳೆಯಲ್ಲಿದ್ದದ್ದು ಅದೊಂದೇ, ಕೆಟ್ಟರೆ ಇನ್ನೊಂದಿಲ್ಲ.

ಆ ಬಾಣದ ಕತೆ ಹೇಳದಿದ್ದರೆ ನಮ್ಮ ಗಡಿಬಿಡಿ ಯಾರಿಗೂ ಅರ್ಥವಾಗದು.

ನಮ್ಮನೆಯವರು ಮೊದಲು ಸೇನೆಯ ವಿಮಾನ ರಿಪೇರಿಯ ಒಂದು ಶೆಡ್ಡಿನಲ್ಲಿ ಪೇಂಟರಾಗಿದ್ದರು. ವಿಮಾನದ ಮೇಲೆ ನಂಬರು, ಗುರುತು ಬರೆಯುವ ಕೆಲಸ. ಆಗಿನ್ನೂ ಟೆಂಪರರಿ. ಭಟ್ಕಳದ ಹತ್ತಿರದ ತೆಂಗಿನಗುಂಡಿಯ ವಿನೋದಣ್ಣ ಅಲ್ಲಿ ಪರ್ಮನೆಂಟು; ಇವರು ಬರೆದದ್ದನ್ನು ನೋಡಿ, ಸರಿ ಇದೆ ಎಂದು ಸಹಿ ಹಾಕುವವರು. ಇಬ್ಬರಿಗೂ ಒಂದೇ ರೂಮು, ಒಂದೇ ಒಲೆ. ಇವರು ಅನ್ನಕ್ಕಿಟ್ಟರೆ ಅವರು ಮೀನುಸಾರು ಮಾಡುತ್ತಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಹೆರಿಗೆಗೆಂದು ಇವರು ಊರಿಗೆ ಬಂದರು. ಮಗಳ ಮುಖ ನೋಡಿ, ಎರಡು ದಿನ ನಿದ್ದೆಗೆಟ್ಟು ವಾಪಸು ಹೋದವರು, ಒಂದು ವಿಮಾನದ ಎಡಗಡೆಯ ಬಾಣವನ್ನು ಉಲ್ಟಾ ಬರೆದರು.

ವಿಮಾನ ಬಿದ್ದರೆ ಪೈಲಟ್ಟನ್ನು ಹೊರಗೆಳೆಯಬೇಕಲ್ಲ, ಆಗ ಗಾಜಿನ ಮುಚ್ಚಳ ತೆರೆಯುವ ಹಿಡಿ ಎಲ್ಲಿದೆ ಎಂದು ತೋರಿಸುವ ಬಾಣ ಅದು. ಮೂಗಿನ ಕಡೆ ತೋರಿಸಬೇಕಾದದ್ದು ಬಾಲದ ಕಡೆ ತೋರಿಸುತ್ತಿತ್ತು. ಹಾಗೆಯೇ ಹನ್ನೊಂದು ದಿನ ಆ ವಿಮಾನ ಹಾರಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ಹನ್ನೆರಡನೇ ದಿನ ದೊಡ್ಡ ಸಾಹೇಬರ ಕಣ್ಣಿಗೆ ಬಿತ್ತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಇದನ್ನು ಬರೆದದ್ದು ಯಾರು ಎಂದು ಕೇಳಿದರು. ನಮ್ಮನೆಯವರ ಪಕ್ಕದಲ್ಲಿದ್ದ ವಿನೋದಣ್ಣ, "ನಾನೇ. ಅವತ್ತು ಇವನಿಗೆ ರಜೆ," ಎಂದುಬಿಟ್ಟರು. ಟೆಂಪರರಿಯವನು, ನಿನ್ನೆ ಮೊನ್ನೆ ಮಗು ಹುಟ್ಟಿದೆ, ಕೆಲಸದಿಂದ ತೆಗೆದರೆ ಬೀದಿಗೆ ಬೀಳುತ್ತಾನೆ. ತಾನು ಪರ್ಮನೆಂಟು, ಬೈದು ಬಿಟ್ಟಾರು ಎಂದು ಅವರ ಲೆಕ್ಕಾಚಾರ. ಸಾಹೇಬರು ಬೈದು ಬಿಡಲಿಲ್ಲ. ಹುದ್ದೆ ಇಳಿಸಿ, ದೂರ ಎಲ್ಲಿಗೋ ಎಸೆದರು. ಎರಡು ವರ್ಷ ತಡೆದುಕೊಂಡು ವಿನೋದಣ್ಣ ಕೆಲಸ ಬಿಟ್ಟು ಊರಿಗೆ ಬಂದು, ದೋಣಿಯ ಎಂಜಿನ್ ರಿಪೇರಿಗೆ ಇಳಿದರು.

ನಮ್ಮನೆಯವರು ಅವತ್ತೂ ಬಾಯಿ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ. ಕುಮಟಾದಿಂದ ತೆಂಗಿನಗುಂಡಿಗೆ ಬಸ್ಸಿನಲ್ಲಿ ಎರಡು ತಾಸು ಸಾಕು. ಇಪ್ಪತ್ತೆರಡು ವರ್ಷದಲ್ಲಿ ಆ ಎರಡು ತಾಸು ಇವರಿಗೆ ಸಿಗಲಿಲ್ಲ.

ನನಗೂ ಗೊತ್ತಾದದ್ದು ನಾಲ್ಕು ತಿಂಗಳ ಹಿಂದೆ. ಮಗಳು ದಿವ್ಯಶ್ರೀ ಊಟ ಮಾಡುತ್ತಾ, "ನನ್ನ ಕ್ಲಾಸ್‌ಮೇಟ್ ಸ್ಮೃತಿ ಅಂತ ಒಬ್ಳು ಇದ್ಲಲ್ಲ, ತೆಂಗಿನಗುಂಡಿಯವ್ಳು, ಅವ್ಳ ಅಪ್ಪನೂ ವಿಮಾನದ ಕೆಲಸದಲ್ಲಿ ಇದ್ರಂತೆ," ಎಂದಳು. ಇವರು ತಾಟು ಬಿಟ್ಟು ಎದ್ದರು. ಆ ದಿನ ಎಲ್ಲ ಹೊರಗೆ ಬಂತು. ಕೇಳಿ ನನ್ನ ಮೈ ಉರಿದುಹೋಯಿತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರವರೆಲ್ಲ ಹೇಳುತ್ತಾರೆ, ಹೇಳಲಿ. ಅವತ್ತಿನ ಸಿಟ್ಟು ಮಾತ್ರ ಹೊಟ್ಟೆಯೊಳಗಿನದು. ನನ್ನ ಮಗಳು ಉಂಡ ಅನ್ನ ಇನ್ನೊಬ್ಬರ ಹುದ್ದೆಯದು ಎಂದು ತಿಳಿದರೆ ಯಾವ ತಾಯಿಗೆ ಸುಮ್ಮನಿರಲು ಆಗುತ್ತದೆ? ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ, "ಹೋಗಿ ಅವ್ರ ಎದ್ರಿಗೆ ನಿಂತು ಹೇಳಿ ಬನ್ನಿ," ಎಂದೆ. ಇವರು ಹೋಗಲಿಲ್ಲ. ಎಲ್ಲಿಂದಲೋ ಆ ವಿಮಾನದ ಮಾದರಿಯ, ಬಿಡಿಭಾಗ ಜೋಡಿಸುವ ಹಳೆಯ ಕಿಟ್ ತರಿಸಿ, ಅದೇ ನಂಬರು, ಅದೇ ಬೂದು ಬಣ್ಣ ಎಂದು ಕೂತರು.

ಮೊನ್ನೆ ನಾನೇ ಸ್ಮೃತಿಗೆ ಫೋನು ಮಾಡಿದೆ. ವಿನೋದಣ್ಣನಿಗೆ ರತ್ನಾಗಿರಿಯ ಬೋಟ್ ಯಾರ್ಡಿನಲ್ಲಿ ಕೆಲಸ ಸಿಕ್ಕಿದೆ, ದಶಮಿಯ ದಿನ ಸೇರಬೇಕು, ಮನೆ ಖಾಲಿ ಮಾಡಿ ಅಪ್ಪ ಮಗಳು ನವಮಿಯ ರೈಲಿಗೆ ಹೊರಡುತ್ತಾರೆ ಎಂದು ಅವಳೇ ಹೇಳಿದ್ದು. ಇನ್ನು ತೆಂಗಿನಗುಂಡಿಗೆ ಹೋದರೂ ಅವರು ಸಿಗುವುದಿಲ್ಲ. ಇದನ್ನು ಕೇಳಿ ನಮ್ಮನೆಯವರು, "ಹಾಗಾದ್ರೆ ಸ್ಟೇಷನ್ನಿಗೆ ಬತ್ತೆ," ಎಂದರು. ಯಾಕೆ ಒಪ್ಪಿದರು ಎಂದು ನನಗೆ ಗೊತ್ತಿಲ್ಲವೇ? ಎರಡು ನಿಮಿಷದಲ್ಲಿ ಮನುಷ್ಯ ಎಷ್ಟು ಬೈಯಬಹುದು, ಅದಕ್ಕೆ.

ಈಗ ನೋಡಿದರೆ ಬಾಣ ಅತ್ತೆಯ ಬೆರಳಲ್ಲಿ.

ಇವರು ಅಂಗಿಯ ಗುಂಡಿ ಹಾಕುತ್ತಾ ಒಳಗಿನಿಂದ ಬಂದು, ತಾಯಿಯ ಹೆಬ್ಬೆರಳು ನೋಡಿ, ಹಾಗೇ ಕುರ್ಚಿಯ ಮೇಲೆ ಕುಸಿದರು. "ಮುಗೀತು," ಎಂದರು. "ಹೋಗೂದೇ ಬ್ಯಾಡ, ಸಂಗೀತಾ. ಇದು ಆಗೂ ಕೆಲಸ ಅಲ್ಲ."

"ಸುಮ್ನಿರಿ! ನೆವ ಹುಡುಕೂಕೆ ಕಾಯ್ತಾ ಇರ್ತ್ರಿ. ನೀರು ತನ್ನಿ, ಸ್ಟೀಲ್ ಬಟ್ಟಲಲ್ಲಿ."

ಅತ್ತೆಯನ್ನು ಮಣೆಯ ಮೇಲೆ ಕೂರಿಸಿ ಹೆಬ್ಬೆರಳನ್ನು ನೀರಿನಲ್ಲಿ ಮುಳುಗಿಸಿದೆ. ಅರಿಶಿನ ಬಿಟ್ಟುಕೊಂಡು ನೀರೆಲ್ಲ ಹಳದಿಯಾಯಿತು. ಬಾಣ ಕದಲಲಿಲ್ಲ. ಎಪ್ಪತ್ತು ವರ್ಷ ಗದ್ದೆಯ ಕೆಲಸ ಮಾಡಿದ ಬೆರಳು, ಅದರ ಬಿರುಕುಗಳಲ್ಲಿ ಬಾಣದ ಪೊರೆ ಗಟ್ಟಿಯಾಗಿ ಕೂತಿತ್ತು. ನೀರು ಬದಲಿಸಿದೆ. ಅತ್ತೆಗೆ ಒಂದು ಕ್ಷಣ ಸುಮ್ಮನೆ ಕೂತು ಗೊತ್ತಿಲ್ಲ. ಯಾವುದೋ ನಾಟಿಯ ಹಾಡು ಗುನುಗುತ್ತಾ ಕಾಲು ಕುಣಿಸತೊಡಗಿದರು.

"ಅತ್ತೇ, ಕೈ ಅಲ್ಲಾಡ್ತದೆ!"

"ಹಾಡಿದ್ದು ಬಾಯಿ, ಕೈ ಅಲ್ಲ."

ಫೋನು ಟಿಣ್ ಎಂದಿತು. ಸ್ಮೃತಿಯ ಮೆಸೇಜು: ಭಟ್ಕಳ ಬಿಟ್ಟೆವು ಆಂಟಿ. ಎಸ್-ಫೈವ್ ಬೋಗಿ. ನೀವು ಬರುವುದು ಅಪ್ಪನಿಗೆ ಹೇಳಿಲ್ಲ.

ನಮ್ಮನೆಯವರು ಬಾಗಿಲವರೆಗೆ ಹೋಗಿ ಬಂದರು, ಮತ್ತೆ ಹೋದರು. ನನಗೆ ಅತ್ತ ನೋಡಲೂ ಭಯ, ಇತ್ತ ನೋಡಲೂ ಭಯ. ಮೂರನೇ ಸಲ ನೀರು ಬದಲಿಸಿ, ಬ್ರಶ್ಶಿನ ತುದಿಯಿಂದ ಬಾಣದ ಅಂಚನ್ನು ತುಸುವೇ ಎತ್ತಿದೆ. ಅಂಚು ಎದ್ದಿತು. ಇನ್ನಷ್ಟು ಎದ್ದಿತು. ಆಮೇಲೆ ಇಡೀ ಬಾಣ ಬೆರಳು ಬಿಟ್ಟು ನೀರಿನಲ್ಲಿ ತೇಲಿ, ಅಯ್ಯೋ, ನಡುವಿಗೆ ಮಡಚಿಕೊಂಡಿತು. ಅತ್ತೆ ಬಗ್ಗಿ ನೋಡಿ, "ಸತ್ತೋತಾ?" ಎಂದರು. ಅಷ್ಟು ಗಡಿಬಿಡಿಯಲ್ಲೂ ನನಗೆ ನಗು ಬಂತು. ಎರಡು ಬ್ರಶ್ಶು ಹಿಡಿದು ಮಡಿಕೆ ಬಿಡಿಸಿದೆ. ಹರಿದಿರಲಿಲ್ಲ.

ವಿಮಾನದ ಮೇಲಿನ ಅರಿಶಿನ ಕುಂಕುಮ ಒರೆಸಿದೆ. ಮೂಗಿನದೊಂದನ್ನು ಒರೆಸಲು ಅತ್ತೆ ಬಿಡಲಿಲ್ಲ. ಅದು ಹಾಗೇ ಉಳಿಯಿತು. ಬಾಣವನ್ನು ಗಾಜಿನ ಕೆಳಗೆ ಜಾರಿಸಿ, ಮೂಗಿನ ಕಡೆ ಮುಖ ಮಾಡಿ, ನೇರ ಮಾಡಿದೆ. ಎರಡೂ ಐವತ್ತು. ವಿನೆಗರಿನ ಬಾಟಲಿಗೆ ಕೈ ಹಾಕಿದಾಗ ಇವರು ನನ್ನ ಕೈ ಹಿಡಿದರು.

"ತಿರುಗ್ಸು ಅದನ್ನ," ಎಂದರು.

"ಎಂತ?"

"ಬಾಲದ ಕಡೆ ತಿರುಗ್ಸು. ಅವತ್ತು ಹಾಗೇ ಇತ್ತು. ವಿನೋದಂಗೆ ಅದೇ ವಿಮಾನ ಕೊಡ್ಬೇಕು ನಾನು. ಬೆಳಗಾಗ ಸರಿಯಾಗೇ ಅಂಟಿಸ್ವಾ ಅಂತ ಇದ್ದೆ. ಅಂಟಿಸಿದ ಮೇಲೆ ಅದು ಸುಳ್ಳು ಹೇಳ್ದಾಂಗೆ ಕಾಣ್ತು. ಇಷ್ಟು ವರ್ಷ ಹೇಳಿದ್ದು ಸಾಕು."

ನನಗೆ ಎಲ್ಲಿತ್ತೋ ಸಿಟ್ಟು. "ಅಂದ್ರೆ ಅವ್ರು ಬಾಣ ನೋಡಿ ತಾವೇ ತಿಳ್ಕಳ್ಳಲಿ, ನೀವು ಬಾಯಿ ಬಿಡೂದಿಲ್ಲ, ಅಲ್ದಾ? ಇಪ್ಪತ್ತೆರಡು ವರ್ಷದ ಮೇಲೂ ನಿಮ್ಮ ಬದ್ಲು ಇನ್ನೊಂದು ಮಾತಾಡ್ಬೇಕು. ಆಗ ವಿನೋದಣ್ಣ, ಈಗ ಈ ಪೊರೆ!"

ಇವರು ನನ್ನ ಕೈ ಬಿಟ್ಟರು. ಹೇಳಿದ್ದು ಹೆಚ್ಚಾಯಿತೇನೋ ಎಂದುಕೊಂಡೆ, ಆದರೂ ತಪ್ಪು ಎಂದು ಅನಿಸಲಿಲ್ಲ.

"ಹೇಳ್ತೆ," ಎಂದರು ಕೊನೆಗೆ. "ಬಾಯಿ ಬಿಟ್ಟೇ ಹೇಳ್ತೆ. ನೀನು ತಿರುಗ್ಸು."

ಫೋನು ಮತ್ತೆ ಟಿಣ್ ಎಂದಿತು. ಹೊನ್ನಾವರ ಬಂತು ಆಂಟಿ.

ಬಾಣದ ಮೇಲೆ ಒಂದು ಹನಿ ನೀರು ಬಿಟ್ಟು, ಬ್ರಶ್ಶಿನಿಂದ ಮೆಲ್ಲಗೆ ತಿರುಗಿಸಿದೆ. ವಿನೆಗರ್ ಮುಟ್ಟಿಸಲು, ಒಣಗಿಸಲು ಹೊತ್ತೆಲ್ಲಿದೆ? ವಿಮಾನ ಹಿಡಿಯುವಂಥ ಡಬ್ಬವೂ ಸಿಗಲಿಲ್ಲ. ಪೂಜೆಗೆ ತಂದ ಎರಡು ಕಿಲೋ ಪೇಡೆಯ ರಟ್ಟಿನ ಡಬ್ಬವನ್ನು ತಾಟಿಗೆ ಬೋರಲು ಹಾಕಿ, ಹತ್ತಿ ಹಾಸಿ, ವಿಮಾನವನ್ನು ಅದರಲ್ಲಿ ಮಲಗಿಸಿದೆ. ಹೊರಗೆ ಬಂದರೆ ಅತ್ತೆ ಸ್ಕೂಟರಿನ ಗಾಲಿಯ ಅಡಿಗೆ ನಿಂಬೆಹಣ್ಣು ಇಡುತ್ತಾ ಕೂತಿದ್ದಾರೆ. "ಇದ್ರ ಮೇಲೆ ಹತ್ಸೇ ಹೋಗ್ಬೇಕು," ಎಂದರು. ವಾದ ಮಾಡುವಷ್ಟು ಪುರುಸೊತ್ತು ಇರಲಿಲ್ಲ. ಹತ್ತಿಸಿಯೇ ಹೊರಟೆ.

ಸ್ಕೂಟರು ನಾನು ಓಡಿಸಿದೆ, ಇವರು ಹಿಂದೆ ಡಬ್ಬವನ್ನು ಎದೆಗೆ ಒತ್ತಿಕೊಂಡು ಕೂತರು. ಹೈವೇಗೆ ಬಂದರೆ ಮೂತಿಗೆ ಬಾಳೆಕಂಬ ಕಟ್ಟಿಕೊಂಡ ಲಾರಿ, ಹೂವಿನೊಳಗೆ ಮುಖವೇ ಕಾಣದ ಆಟೋಗಳು, ಎಲ್ಲ ನನ್ನ ಮುಂದೆಯೇ ಮೆರವಣಿಗೆ ಹೊರಟ ಹಾಗೆ ಸಾವಕಾಶ ಹೋಗುತ್ತಿದ್ದವು. ಹಾರ್ನ್ ಒತ್ತಿ ಒತ್ತಿ ನನ್ನ ಬೆರಳು ನೋಯಿತು. "ಮೆಲ್ಲಗೆ, ಮೆಲ್ಲಗೆ, ಬಾಣ ಸರೀತದೆ," ಎಂದು ಹಿಂದಿನಿಂದ ಇವರ ಜಪ. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ರೈಲಿನ ಕೂಗು ಕೇಳಿತು.

ಎಸ್-ಫೈವ್ ನಾವು ನಿಂತಲ್ಲಿಂದ ಮೂರು ಬೋಗಿ ಮುಂದೆ ಹೋಗಿ ನಿಂತಿತು. ಓಡಿದೆವು. ಬಾಗಿಲಲ್ಲಿ ಸ್ಮೃತಿ ಕೈ ಬೀಸುತ್ತಿದ್ದಳು, ಅವಳ ಹಿಂದೆ ನರೆತ ಗಡ್ಡದ ಒಬ್ಬರು. ವಿನೋದಣ್ಣನನ್ನು ನಾನು ನೋಡಿದ್ದು ಹಳೆಯ ಫೋಟೋದಲ್ಲಿ ಮಾತ್ರ. ಅವರು ನಮ್ಮನೆಯವರನ್ನು ನೋಡಿದರು, ಕೈಯಲ್ಲಿದ್ದ ಡಬ್ಬವನ್ನೂ ನೋಡಿದರು.

"ವೆಂಕ್ಟ್ರಮಣ," ಎಂದರು. ಆಮೇಲೆ, "ಪೇಡೆಯಾ?"

ನಮ್ಮನೆಯವರು ಡಬ್ಬ ಚಾಚಿದರು. ಇಡೀ ಡಬ್ಬ ಗಡಗಡ ನಡುಗುತ್ತಿತ್ತು. ಅದನ್ನು ನೋಡಿ ವಿನೋದಣ್ಣನೇ ಪ್ಲಾಟ್‌ಫಾರ್ಮಿಗೆ ಇಳಿದು, ಅಡಿಗೆ ಕೈ ಕೊಟ್ಟು, ಮುಚ್ಚಳ ತೆಗೆದರು. ಮೂಗಿನ ಕುಂಕುಮ ನೋಡಿ ಹುಬ್ಬು ಏರಿಸಿದರು. ಬಾಲದ ನಂಬರು ಓದಿದರು. ವಿಮಾನವನ್ನು ಎತ್ತಿ ಎಡಕ್ಕೆ ತಿರುಗಿಸಿದರು. ಎಷ್ಟಾದರೂ ಚೆಕ್ ಮಾಡುತ್ತಿದ್ದ ಕಣ್ಣಲ್ಲವೇ, ನೇರ ಬಾಣಕ್ಕೇ ಹೋಯಿತು. ಅಲ್ಲೇ ನಿಂತಿತು.

ನಾನು ಇವರ ಬೆನ್ನಿಗೆ ಗುದ್ದಿದೆ.

"ಅದು ಬರ್ದದ್ದು ನಾನು," ಎಂದರು ನಮ್ಮನೆಯವರು. "ಎಲ್ಲರ ಎದ್ರಿಗೆ ಹೇಳ್ಬೇಕಿತ್ತು. ನಂಗೆ ಹೆದ್ರಿಕೆ ಆತು ವಿನೋದಾ. ನಿನ್ನ ಜೀವನ ಹಾಳು ಮಾಡ್ದೆ ನಾನು. ಆಮೇಲೆ ನಿನ್ನ ಮುಖ ನೋಡೂಕೂ ಬರ್ಲಿಲ್ಲ."

ಸುತ್ತ ಇಳಿಯುವವರು, ಹತ್ತುವವರು, ಚೀಲ ಹೊತ್ತವರು. ವಿನೋದಣ್ಣ ಬಾಣದಿಂದ ಕಣ್ಣು ಕೀಳಲಿಲ್ಲ.

"ಬರ್ದದ್ದು ನೀನು. ನೋಡಿ ಸಹಿ ಹಾಕಿದ್ದು ನಾನಲ್ದಾ?" ಎಂದರು. "ನಂಗೂ ಕಂಡಿರ್ಲಿಲ್ಲ ಮಾರಾಯಾ. ಕೆಲಸ ಹೋದ್ದು ಹೋತು, ಅದನ್ನ ಎಂದೋ ಬಿಟ್ಟೆ. ಆದ್ರೆ ನಿಂಗೆ ಮಗಳು ಹುಟ್ಟಿದ್ದಕ್ಕೆ ನಾನು ಅಲ್ಲಿ ಹಾಗೆ ಹೇಳಿದ್ದು. ಆ ಮಗಳು ಹುಟ್ಟಿದ್ದಕ್ಕೆ ನೀನು ನಂಗೊಂದು ಪೇಡೆ ಕೊಡ್ಲಿಲ್ಲ. ಇವತ್ತು ಬತ್ತಾನೆ, ನಾಳೆ ಬತ್ತಾನೆ ಅಂತ ಎಷ್ಟು ದಿನ ಕಾದೆ ಗೊತ್ತದ್ಯಾ?"

ನಮ್ಮನೆಯವರು ತಲೆ ತಗ್ಗಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆ ಮಗಳ ತಾಯಿ ನಾನು. ಪೇಡೆಯನ್ನೆಲ್ಲ ಮನೆಯ ತಾಟಿಗೆ ಸುರಿದು, ಖಾಲಿ ಡಬ್ಬ ತಂದವಳೂ ನಾನೇ.

ರೈಲು ಕೂಗಿತು. "ಅಪ್ಪಾ, ಹತ್ತು!" ಎಂದು ಸ್ಮೃತಿ ಕಿರುಚಿದಳು.

"ನೀರಿನ ಬಾಟ್ಲಿ ಕೊಡು ಇಲ್ಲಿ," ಎಂದರು ವಿನೋದಣ್ಣ. ಅವಳು ಕೊಟ್ಟಳು. ಮುಚ್ಚಳದಲ್ಲಿ ನೀರು ತೆಗೆದು ಒಂದು ಹನಿ ಬಾಣದ ಮೇಲೆ ಬಿಟ್ಟರು. ಹೆಬ್ಬೆರಳು ಅದ್ದಿ ಮೆಲ್ಲಗೆ ಮುಟ್ಟಿದರು. ಎಂಜಿನ್ ಎಣ್ಣೆಯಲ್ಲಿ ಕಪ್ಪಾದ ದಪ್ಪ ಬೆರಳು, ಆದರೆ ಎಷ್ಟು ಹಗುರ ಎನ್ನುತ್ತೀರಿ! ಇನ್ನೂ ಹಸಿಯಿದ್ದ ಬಾಣ ಸರಿಯಿತು. ಬಾಲದಿಂದ ಅರ್ಧ ಸುತ್ತು ತಿರುಗಿ ಮೂಗಿನ ಕಡೆ ಮುಖ ಮಾಡಿತು. ಕಣ್ಣು ಕಿರಿದು ಮಾಡಿ ನೋಡಿದರು, ಒಂದು ಕೂದಲೆಳೆಯಷ್ಟು ಮತ್ತೆ ಸರಿಸಿದರು.

"ಈಗ ಸರಿ ಆತು," ಎಂದರು.

ರೈಲು ಕದಲಿತು. ಸ್ಮೃತಿ ಅವರ ತೋಳು ಹಿಡಿದು ಮೇಲೆಳೆದಳು. ಬಾಣ ಅಲ್ಲಾಡದಂತೆ ಹೆಬ್ಬೆರಳನ್ನು ಅಡ್ಡ ಹಿಡಿದು, ವಿಮಾನವನ್ನು ಎದೆಗಾನಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ನಮ್ಮನೆಯವರು ಜೊತೆಗೆ ಹತ್ತು ಹೆಜ್ಜೆ ಓಡಿದರು. "ವಿನೆಗರ್ ಹಾಕು ಅದ್ಕೆ! ಒಂದು ಹನಿ!" ಎಂದು ಕೂಗಿದರು. ವಿನೋದಣ್ಣ ತಲೆಯಾಡಿಸಿದ್ದು ಕಂಡಿತು.

ರೈಲು ಹೋದ ಮೇಲೆ ಇವರು ಖಾಲಿ ಡಬ್ಬ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ನಿಂತರು. ಕಣ್ಣೀರು ಒರೆಸಿಕೊಳ್ಳಲಿಲ್ಲ, ಹಾಗೇ ಇಳಿಯಲು ಬಿಟ್ಟರು. ನನಗೂ ಅಳು ಬಂತು. ನಾಲ್ಕು ತಿಂಗಳಿಂದ ಹೊಟ್ಟೆಯಲ್ಲಿದ್ದ ಸಿಟ್ಟನ್ನು ಹುಡುಕಿದರೆ ಎಲ್ಲೂ ಸಿಗಲಿಲ್ಲ.

"ಸಂಗೀತಾ," ಎಂದರು ಡಬ್ಬದ ಮುಚ್ಚಳ ಮುಚ್ಚುತ್ತಾ. "ನಾಳೆ ರತ್ನಾಗಿರಿಗೆ ರೈಲು ಎಷ್ಟು ಹೊತ್ತಿಗೆ ಅದೆ, ಕೇಳ್ಕಂಡು ಬಾ. ದಿವ್ಯಶ್ರೀನೂ ಬರ್ಲಿ. ಪೇಡೆ ಅವ್ಳೇ ಕೊಡ್ಲಿ."